ಒಂದು ಗೇಣು ಎತ್ತಿದ ಶಟರ್

ನನ್ನ ಯಜಮಾನರು ಬ್ಯಾಗು ರಿಪೇರಿ ಮಾಡುತ್ತಿದ್ದರು. ಜಿಪ್ಪು ಹಾಕುತ್ತಿದ್ದರು, ಕಿತ್ತ ಪಟ್ಟಿ ಕೂರಿಸುತ್ತಿದ್ದರು, ಹರಿದ ತಳ ಹೊಲಿಯುತ್ತಿದ್ದರು. ಬೀದಿಯವರೆಲ್ಲ ಶಟರಣ್ಣ ಅನ್ನುತ್ತಿದ್ದರು. ಆ ಬೀದಿಯವರಲ್ಲಿ ಹೆಚ್ಚಿನವರು ಅವರ ಮುಖವನ್ನೇ ನೋಡಿರಲಿಲ್ಲ. ಯಜಮಾನರೂ ಬೀದಿಯವರ ಮುಖ ನೋಡಿರಲಿಲ್ಲ. ಅದು ಹೇಗೆ ಅಂತ ಹೇಳುತ್ತೇನೆ.

ನಮ್ಮದು ಮಲಗುವುದಕ್ಕೆಂದು ಕಟ್ಟಿದ ಊರು. ಬೆಳಿಗ್ಗೆ ಊರಿಗೆ ಊರೇ ಎದ್ದು ರೈಲು ಹತ್ತಿ ಪಟ್ಟಣಕ್ಕೆ ಹೋಗುತ್ತದೆ. ಕತ್ತಲಾದ ಮೇಲೆ ಬಂದು ಉಂಡು ಮಲಗುತ್ತದೆ. ಹಗಲು ಹೊತ್ತು ಬೀದಿಯಲ್ಲಿ ನಿಂತು ಕೂಗಿದರೆ ಓ ಅನ್ನುವವರಿಲ್ಲ. ಮುದುಕರು, ಹಸುಗೂಸುಗಳು, ನಾಯಿಗಳು, ನಾವು. ಬಡಾವಣೆ ಕಚೇರಿಯ ಗೋಡೆಯಲ್ಲಿ ಒಂದು ನಕ್ಷೆ ಇದೆ. ಅದರಲ್ಲಿ ನಮ್ಮ ಬೀದಿಗಳೆಲ್ಲ ಹಳದಿ. ಹಳದಿ ಅಂದರೆ ಮನೆ ಮಾತ್ರ, ಅಂಗಡಿ ಕೂಡದು, ಕಸುಬು ಕೂಡದು. ಅಂಗಡಿಗೆ ಬೇರೆ ಬಣ್ಣ, ಅದು ರೈಲ್ವೆ ಗೇಟಿನ ಆಚೆ ಒಂದೇ ಒಂದು ಸಾಲು. ಜನ ಹೋದ ಮೇಲೆ ಆ ಅಂಗಡಿಗಳು ಬಾಗಿಲು ತೆಗೆಯುತ್ತವೆ, ಜನ ಬರುವ ಮೊದಲೇ ಹಾಕುತ್ತವೆ. ಯಾರಿಗೆ ಮಾರುತ್ತಾರೋ ದೇವರೇ ಬಲ್ಲ.

ಯಜಮಾನರೂ ಮೊದಲು ಆ ರೈಲಿನಲ್ಲೇ ಹೋಗುತ್ತಿದ್ದವರು. ಪಟ್ಟಣದ ಬ್ಯಾಗು ಫ್ಯಾಕ್ಟರಿಯಲ್ಲಿ ಹೊಲಿಗೆ ವಿಭಾಗದ ಮೇಸ್ತ್ರಿ. ಹೋಗುವಾಗಲೂ ನಿಂತು, ಬರುವಾಗಲೂ ನಿಂತು. ಮಂಡಿ ಅಲ್ಲೇ ಹೋಯಿತು. ಆಮೇಲೆ ಫ್ಯಾಕ್ಟರಿಯವರು ಪಟ್ಟಣದ ಜಾಗ ಮಾರಿ ಅಗ್ಗದ ನೆಲ ಹುಡುಕಿಕೊಂಡು ಪಟ್ಟಣದ ಆಚೆ ಕಡೆಯ ಬಯಲಿಗೆ ಹೋದರು. ಅಲ್ಲಿಗೆ ನಮ್ಮ ಕಡೆಯಿಂದ ರೈಲಿಲ್ಲ, ಬಸ್ಸಿಲ್ಲ. ನಮ್ಮ ಊರಿನಿಂದ ಎಲ್ಲ ದಾರಿಯೂ ಪಟ್ಟಣಕ್ಕೇ. ಕೆಲಸ ಇನ್ನೊಂದು ಕಡೆಗೆ ಹೋದರೆ ನಾವು ಇಲ್ಲೇ ನಿಂತ ಹಾಗೆ. ಹೋಗುವಾಗ ಒಂದು ಹಳೇ ಮಷಿನ್ ಕೊಟ್ಟು ಕೈತೊಳೆದುಕೊಂಡರು.

ಮಷಿನ್ ಇಡಲು ಜಾಗ ಇತ್ತು. ನಮಗೆ ಕಾರಿಲ್ಲ. ಆದರೆ ಪ್ರತಿ ಮನೆಗೂ ಕಾರ್ ಶೆಡ್ ಇರಲೇಬೇಕು ಅಂತ ಬಡಾವಣೆ ನಿಯಮ. ಕಾರಿಲ್ಲದವನಿಗೂ ಶೆಡ್ ಕಟ್ಟಿಸಿ, ಆ ಶೆಡ್ಡಿನಲ್ಲಿ ಕೂತು ಕೆಲಸ ಮಾಡಬೇಡ ಅನ್ನುತ್ತಾರೆ.

"ಕಾಣ್ಬಾರ್ದು, ಕೇಳ್ಬಾರ್ದು, ಯಾರೂ ಒಳಗೆ ಬರ್ಬಾರ್ದು. ಅಷ್ಟಿದ್ರೆ ಯಾರೂ ಏನೂ ಅನ್ನಲ್ಲ ಕಣೇ," ಅಂದರು ಯಜಮಾನರು.

ಹಾಗೆ ಶಟರ್ ಇಳಿಸಿಯೇ ಕೂತರು. ಗಾಳಿಗೆ ಅಂತ ಕೆಳಗಿನಿಂದ ಒಂದು ಗೇಣು ಎತ್ತಿರುತ್ತಿದ್ದರು, ಅದಕ್ಕಿಂತ ಹೆಚ್ಚಿಲ್ಲ. ಮಷಿನ್ ಕಾಲಿಗೆ ರಬ್ಬರ್ ಕಟ್ಟಿದರು, ಗೋಡೆಗೆ ಹಳೇ ಹಾಸಿಗೆ ಒರಗಿಸಿದರು. ಬೆಳಿಗ್ಗೆ ರೈಲಿಗೆ ಓಡುವವರು ಆ ಗೇಣಿನ ಕೆಳಗೆ ಬ್ಯಾಗು ತಳ್ಳಿ "ಅಣ್ಣಾ, ಜಿಪ್ಪು!" ಅಂತ ಕೂಗಿ ಓಡುತ್ತಿದ್ದರು. ಸಂಜೆ ಬಂದು "ಅಣ್ಣಾ, ಆಯ್ತಾ?" ಅನ್ನುವರು. ಒಳಗಿನಿಂದ ಬ್ಯಾಗು ಜಾರಿ ಹೊರಗೆ ಬರುತ್ತಿತ್ತು. ಶಟರ್ ಮುಟ್ಟಬಾರದು, ಮೇಲೆತ್ತಬಾರದು. ಇದನ್ನು ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಬೀದಿ ತಾನೇ ಕಲಿತುಕೊಂಡಿತು.

ನಾನು ಒಳಬಾಗಿಲ ಹತ್ತಿರ ಕೂತು ಅಸ್ತರು ಹೊಲಿಯುತ್ತಿದ್ದೆ. ಅವರು ಕಾಲು ನೋಡಿ ಸುದ್ದಿ ಹೇಳುತ್ತಿದ್ದರು.

"ಕೆಂಪು ಚಪ್ಪಲಿಗೆ ಇವತ್ತು ಯಾರೋ ಬೈದಿದಾರೆ ಕಣೇ. ನಡಿಗೆ ನೋಡು, ನೆಲಾನೇ ಒದೀತಾ ಇದೆ."

"ನಿಮಗ್ಯಾಕ್ರೀ ಹೆಂಗಸರ ಕಾಲಿನ ಉಸಾಬರಿ?"

"ಕಾಣೋದೇ ಅಷ್ಟು. ಮುಖ ನೋಡೋಕೆ ಹೊರಗೆ ಹೋಗ್ಲಾ?"

"ಹೋಗಿ ನೋಡಿ, ಕಾಲು ಮುರೀತೀನಿ."

ಅವರು ಮುಸುಮುಸು ನಗುತ್ತಿದ್ದರು. ಜೋರಾಗಿ ನಕ್ಕರೆ ಎದುರು ಮನೆಗೆ ಕೇಳುತ್ತದಲ್ಲ.

ಎದುರು ಮನೆಯಲ್ಲಿ ರಿಟೈರಾದ ಮ್ಯಾನೇಜರ್ ಸಾಹೇಬರು. ಚಪ್ಪಲಿಗೂ ಕಾಲುಚೀಲ ಹಾಕುವ ಮನುಷ್ಯ. ಬಾಲ್ಕನಿಯಲ್ಲಿ ಕೂತರೆ ನಮ್ಮ ಶಟರೇ ಅವರಿಗೆ ಕಾಣುವುದು. ಒಂದು ದಿನ ಗೇಟಿನ ಹತ್ತಿರ ಬಂದು ನಿಂತರು. ಯಜಮಾನರು ಪಕ್ಕದ ಬಾಗಿಲಿನಿಂದ ಹೊರಗೆ ಹೋದರು.

"ನಿಮ್ಮ ಶೆಡ್ಡಿನ ಮೇಲೆ ಕಚೇರಿಗೆ ದೂರು ಬರೆದು ಕೊಟ್ಟಿದೀನಿ. ಬೆನ್ನ ಹಿಂದೆ ಮಾಡೋ ಬುದ್ಧಿ ನನಗಿಲ್ಲ, ಅದಕ್ಕೇ ಹೇಳೋಕೆ ಬಂದೆ," ಅಂದರು.

"ನಾನೇನು ತೊಂದರೆ ಕೊಟ್ಟೆ ಸಾರ್?"

"ನೀವಿನ್ನೂ ಕೊಟ್ಟಿಲ್ಲ. ನಾನು ಸರ್ವಿಸ್ಸೆಲ್ಲಾ ಒಂದು ವರ್ಕ್‌ಶಾಪ್ ಮೇಲಿನ ಮನೇಲಿ ಬಾಡಿಗೆಗೆ ಇದ್ದೆ. ಅದೂ ಹೀಗೇ ಶುರುವಾಗಿತ್ತು, ಒಂದು ಶೆಡ್ಡು, ಒಂದು ಮಷಿನ್ನು. ನನ್ನ ಹೆಂಡತಿಗೆ ನಿದ್ದೆ ಅನ್ನೋದು ಏನು ಅಂತ ಗೊತ್ತಾಗಿದ್ದು ಈ ಬೀದಿಗೆ ಬಂದ ಮೇಲೆ."

ಇಷ್ಟು ಹೇಳಿ ಹೋದರು. ಯಜಮಾನರು ಒಳಗೆ ಬಂದು ಮಷಿನ್ ಮುಂದೆ ಕೂತರು.

"ಏನಂತೆ?" ಅಂದೆ.

"ಕೆಟ್ಟ ಮನುಷ್ಯ ಅಲ್ಲ. ಅದೇ ಫಜೀತಿ."

ನೋಟಿಸ್ ಬಂತು. ಇನ್ಸ್‌ಪೆಕ್ಟರ್ ಬಂದು ಟೇಪು ಹಿಡಿದು ಶೆಡ್ ಅಳೆದ. ಹಾಸಿಗೆ ಒರಗಿಸಿದ ಗೋಡೆ ನೋಡಿ ನಕ್ಕ. ಅವನು ಹೇಳಿದ್ದು ಇಷ್ಟು. ಹಳದಿಯಲ್ಲೂ ಮನೆಯವನೇ ಕೂತು ಸಣ್ಣ ಕೆಲಸ ಮಾಡಬಹುದು, ಆದರೆ ಅನುಮತಿ ಬೇಕು. ಹೊರಗೆ ಕಾಣಬಾರದು, ಪಕ್ಕದ ಮನೆಗೆ ಕೇಳಬಾರದು, ಗಿರಾಕಿ ಒಳಗೆ ಕಾಲಿಡಬಾರದು. ಎದುರು ಮನೆಯವರು ಜನ ಒಳಗೆ ಹೋಗಿ ಬರುತ್ತಾರೆ ಅಂತ ಬರೆದಿದ್ದಾರೆ. ವಿಚಾರಣೆ ಆಗುತ್ತದೆ. ಸೋತರೆ ಶೆಡ್ಡಿಗೆ ಸೀಲು.

ಸೀಲು ಬಿದ್ದರೆ ಅವರಿಗೆ ಬೇರೆ ಕೆಲಸ ಇರಲಿಲ್ಲ. ರೈಲಿನಲ್ಲಿ ನಿಲ್ಲಲು ಮಂಡಿ ಇಲ್ಲ. ಕೂತು ಹೊಲಿಯುವ ಕೆಲಸ ಈ ಊರಿನಲ್ಲಿ ಇನ್ನೆಲ್ಲೂ ಇಲ್ಲ. ಸುಮ್ಮನೆ ಮನೆಯಲ್ಲಿ ಕೂರುವ ಜಾತಿಯಲ್ಲ ಆ ಮನುಷ್ಯ. ಒಂದು ಭಾನುವಾರ ಕಳೆಯಬೇಕಾದರೆ ಮನೆಯ ದಿಂಬೆಲ್ಲ ಬಿಚ್ಚಿ ಹೊಲಿದವರು.

ವಿಚಾರಣೆ ಯಾವತ್ತು? ಬುಧವಾರ. ಯಾವಾಗ? ಬೆಳಿಗ್ಗೆ ಹನ್ನೊಂದಕ್ಕೆ. ಈ ಊರಿನಲ್ಲಿ ಬುಧವಾರ ಹನ್ನೊಂದಕ್ಕೆ ಯಾರಿರುತ್ತಾರೆ? ಮ್ಯಾನೇಜರ್ ಸಾಹೇಬರು ಇರುತ್ತಾರೆ, ಅವರ ಜೊತೆ ವಾಕಿಂಗ್ ಹೋಗುವವರು ಇರುತ್ತಾರೆ. ನಮ್ಮವರೆಲ್ಲ ಪಟ್ಟಣದಲ್ಲಿ.

ಸುದ್ದಿ ಬೀದಿಗೆ ಗೊತ್ತಾಯಿತು. ಶಟರ್ ಕೆಳಗಿನಿಂದ ಮಾತು ಬಂತು.

"ಅಣ್ಣಾ, ಹೆದರ್ಬೇಡಿ, ನಾವಿದೀವಿ."

"ಬರ್ತೀರಾ ಹಾಗಾದ್ರೆ?"

"ಬರ್ದೇ ಏನಣ್ಣಾ! ಯಾವಾಗ?"

"ಬುಧವಾರ ಹನ್ನೊಂದಕ್ಕೆ."

ಹೊರಗೆ ಕಾಲು ಅಲ್ಲೇ ನಿಂತಿತ್ತು.

"ಬುಧವಾರಾನಾ… ಆಫೀಸ್ ಇದೆಯಲ್ಲಣ್ಣ."

ಬಂದ ಕಾಲೆಲ್ಲ ಹೀಗೇ ಹೇಳಿ ಹೋದವು. ಯಜಮಾನರು ಯಾರ ಮೇಲೂ ಸಿಟ್ಟಾಗಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಸ್ಟೇಷನ್‌ಗೆ ಹೋಗಿ ಕೇಳ್ತೀನಿ," ಅಂದೆ.

"ಬೇಡ. ಕೈಯೊಡ್ಡೋಕೆ ಹೋಗ್ಬೇಡ. ಅವರಿಗೂ ಹೊಟ್ಟೆಪಾಡು."

ಅವರು ಹೇಳಿದ್ದನ್ನೆಲ್ಲ ಕೇಳಿಕೊಂಡಿದ್ದರೆ ನನ್ನ ಸಂಸಾರ ನಡೆಯುತ್ತಿರಲಿಲ್ಲ. ಬುಧವಾರ ಅವರು ಕ್ಷೌರ ಮಾಡಿಕೊಳ್ಳುತ್ತಿದ್ದಾಗ ಹಿಂಬಾಗಿಲಿನಿಂದ ಹೋದೆ.

ಪ್ಲಾಟ್‌ಫಾರಂ ತುಂಬ ಜನ. ಒಬ್ಬರ ಮುಖವೂ ಗೊತ್ತಿಲ್ಲ. ಕಾಲು ನೋಡುವ ಅಭ್ಯಾಸ ನನಗಿರಲಿಲ್ಲ. ಆದರೆ ಬ್ಯಾಗು ಗೊತ್ತಿತ್ತು. ಅಸ್ತರು ನಾನು ಹೊಲಿದದ್ದಲ್ಲವೇ? ಒಬ್ಬ ಹೆಣ್ಣುಮಗಳ ಹೆಗಲಲ್ಲಿ ನೀಲಿ ಪಟ್ಟಿ ಕಂಡಿತು. ಹೋಗಿ ಹಿಡಿದುಕೊಂಡೆ. ಕಳ್ಳಿ ಅಂದುಕೊಂಡು ಅವಳು ಬ್ಯಾಗು ಎಳೆದುಕೊಂಡಳು.

"ಈ ಪಟ್ಟಿ ನಮ್ಮನೇದಮ್ಮ. ಶಟರಣ್ಣನ ಹೆಂಡತಿ ನಾನು. ಇವತ್ತು ಹನ್ನೊಂದಕ್ಕೆ ವಿಚಾರಣೆ. ಸೋತರೆ ಶೆಡ್ ಮುಚ್ಚಿಸ್ತಾರೆ."

ಹೀಗೆ ಒಂದು ಬ್ಯಾಗಿನಿಂದ ಇನ್ನೊಂದು ಬ್ಯಾಗಿಗೆ ಹೋದೆ. ಕೆಲವರು ತಲೆ ತಗ್ಗಿಸಿದರು. ಒಬ್ಬ ಬ್ಯಾಂಕಿನವನು "ಅಮ್ಮಾ, ಇವತ್ತೇ ಆಡಿಟ್," ಅಂದ, ಅಳುವ ಹಾಗೆ. ರೈಲು ಬಂತು. ಬಾಗಿಲು ತೆಗೆದುಕೊಂಡಿತು. ಎಲ್ಲರೂ ಹತ್ತಿದರು. ಪ್ರತಿದಿನ ಹತ್ತುವ ಕಾಲು, ಹತ್ತಿಬಿಟ್ಟಿತು. ಪ್ಲಾಟ್‌ಫಾರಂ ಖಾಲಿ. ಗುಡಿಸುವವಳು, ನಾನು.

ಮನೆಗೆ ಬಂದೆ. ಅವರು ಇಸ್ತ್ರಿ ಶರ್ಟು ಹಾಕಿ ಕೂತಿದ್ದರು. ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ. ನನ್ನ ಮುಖ ನೋಡಿ "ನಡಿ," ಅಂದರು.

ಕಚೇರಿಯ ಆ ಕೋಣೆಯಲ್ಲಿ ಉದ್ದದ ಮೇಜು, ಗೋಡೆಗೆ ಹಳದಿ ನಕ್ಷೆ. ಯೋಜನೆಯ ಅಧಿಕಾರಿ ಒಬ್ಬರು ಹೆಂಗಸು, ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಮ್ಯಾನೇಜರ್ ಸಾಹೇಬರು, ಅವರ ವಾಕಿಂಗ್ ಗುಂಪು. ನಮ್ಮ ಸಾಲಿನಲ್ಲಿ ನಾವಿಬ್ಬರೇ.

ಸಾಹೇಬರು ಎದ್ದು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಇವತ್ತು ಬ್ಯಾಗು, ನಾಳೆ ವೆಲ್ಡಿಂಗು, ನಾಡಿದ್ದು ಲಾರಿ. ಜನ ಸದಾ ಹೋಗಿ ಬಂದು ಮಾಡುತ್ತಾರೆ. ನೆಮ್ಮದಿ ನಂಬಿ ಮನೆ ಕಟ್ಟಿದವರ ಗತಿ ಏನು?

"ನಿಮ್ಮ ಪರವಾಗಿ ಯಾರಾದ್ರೂ ಇದಾರಾ?" ಅಧಿಕಾರಿ ಕೇಳಿದರು.

ಯಜಮಾನರು ಎದ್ದರು. ಮಂಡಿ ಲಟಕ್ಕೆಂದಿತು. "ಇಲ್ಲ ಮೇಡಂ. ಎಲ್ಲಾ ಕೆಲಸಕ್ಕೆ ಹೋಗಿದಾರೆ."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಬರೆಯಲು ಕೈ ಇಟ್ಟರು. ಆಗ ಬಾಗಿಲು ತೆರೆಯಿತು. ಮೊದಲು ಆ ನೀಲಿ ಪಟ್ಟಿಯವಳು. ಅವಳ ಹಿಂದೆ ಬೆವರು ಒರೆಸಿಕೊಳ್ಳುತ್ತ ಬ್ಯಾಂಕಿನವನು. ಅವನ ಹಿಂದೆ ಇನ್ನೂ ಕೆಲವರು.

"ತಡ ಆಯ್ತು ಮೇಡಂ, ಸಾರಿ. ಅಭ್ಯಾಸದಲ್ಲಿ ರೈಲು ಹತ್ತಿಬಿಟ್ವಿ. ಮುಂದಿನ ಸ್ಟೇಷನ್‌ನಲ್ಲಿ ಇಳಿದು ವಾಪಸ್ ಬಂದ್ವಿ. ಈ ಹೊತ್ತಲ್ಲಿ ಈ ಕಡೆಗೆ ಗಾಡೀನೇ ಇಲ್ಲ, ಕಾದೂ ಕಾದೂ ಸಾಕಾಯ್ತು," ಅಂದಳು ನೀಲಿ ಪಟ್ಟಿ.

ನಾನು ಸೆರಗು ಬಾಯಿಗೆ ಇಟ್ಟುಕೊಂಡೆ.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಯಜಮಾನರನ್ನು ನೋಡಿದರು. "ಇವರೆಲ್ಲಾ ನಿಮ್ಮ ಗಿರಾಕಿಗಳಾ?"

ಯಜಮಾನರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ಗೊತ್ತಿಲ್ಲ ಮೇಡಂ."

ಹೂಂ ಅನ್ನಬಾರದಿತ್ತೇ ಆ ಮನುಷ್ಯ! ಮುಂದಿನ ಸಾಲಿನಲ್ಲಿ ಗದ್ದಲ ಎದ್ದಿತು.

"ನೋಡಿದ್ರಾ? ಯಾರನ್ನೋ ಹಿಡಿದು ತಂದಿದಾರೆ!" ಅಂದ ವಾಕಿಂಗ್ ಗುಂಪಿನ ಒಬ್ಬ.

"ಏನ್ರೀ ಇದು?" ಅಧಿಕಾರಿಯ ದನಿ ಗಡುಸಾಯಿತು. "ಇವರು ನಿಮ್ಮ ಪರ ಬಂದಿದಾರೆ, ನಿಮಗೇ ಗೊತ್ತಿಲ್ಲ ಅಂತೀರಿ."

"ಸುಳ್ಳು ಹೇಳ್ಲಾ ಮೇಡಂ? ಮುಖ ನಾನು ಯಾವತ್ತೂ ನೋಡಿಲ್ಲ. ಕಾಲು ನೋಡಿದೀನಿ. ಮೇಜು ಅಡ್ಡ ಇದೆ, ಸ್ವಲ್ಪ ಈಚೆಗೆ ಬಂದ್ರೆ ಹೇಳ್ತೀನಿ."

ಯಾರೋ ಕಿಸಕ್ಕೆಂದರು. ಅಧಿಕಾರಿ ನಗಲಿಲ್ಲ. ಬನ್ನಿ ಅಂತ ಕೈ ಮಾಡಿದರು. ಬಂದವರು ಮೇಜಿನ ಈಚೆಗೆ ಬಂದು ಸಾಲಾಗಿ ನಿಂತರು. ಯಜಮಾನರು ತಲೆ ತಗ್ಗಿಸಿ ನೋಡುತ್ತ ಹೋದರು.

"ಇದು ಬಿಳಿ ಕ್ಯಾನ್ವಾಸು. ಆಸ್ಪತ್ರೆ ನರ್ಸಮ್ಮ, ನೀಲಿ ಪಟ್ಟಿ. ಈ ಎಡಗಾಲು ಸ್ವಲ್ಪ ಎಳೆಯೋರು, ಇವರ ಬ್ಯಾಗಿನ ತಳ ವರ್ಷಕ್ಕೊಂದ್ಸಲ ಕಿತ್ತು ಬರುತ್ತೆ, ಅದರೊಳಗೆ ಇಟ್ಟಿಗೆ ಹೊರ್ತಾರೋ ಏನೋ."

"ಇಟ್ಟಿಗೆ ಅಲ್ಲಣ್ಣ, ಲ್ಯಾಪ್‌ಟಾಪು," ಅಂದ ಬ್ಯಾಂಕಿನವನು.

ಕೊನೆಯವಳ ಹತ್ತಿರ ನಿಂತುಬಿಟ್ಟರು. ಎಷ್ಟು ನೋಡಿದರೂ ಗುರುತು ಹತ್ತಲಿಲ್ಲ. "ಇವರನ್ನ ನಾನು ಕಂಡೇ ಇಲ್ಲ," ಅಂದರು.

"ಅಯ್ಯೋ ಅಣ್ಣಾ, ನಾನೇ ಕೆಂಪು ಚಪ್ಪಲಿ! ಮೊನ್ನೆ ಹೊಸ ಶೂ ತಗೊಂಡೆ!"

ಆಗ ಕೋಣೆ ಇಡೀ ನಕ್ಕಿತು. ಮ್ಯಾನೇಜರ್ ಸಾಹೇಬರು ಮಾತ್ರ ನಗಲಿಲ್ಲ. ಅಧಿಕಾರಿ ಅವರ ಕಡೆ ತಿರುಗಿದರು.

"ಸಾರ್, ಯಾರಾದ್ರೂ ಒಳಗೆ ಹೋಗಿದ್ದನ್ನ ನೀವು ಕಣ್ಣಾರೆ ಕಂಡಿದೀರಾ?"

ಕಂಡೆ ಅಂದಿದ್ದರೆ ನಮ್ಮ ಕಥೆ ಮುಗಿಯುತ್ತಿತ್ತು.

"ಇಲ್ಲ. ಬಗ್ಗಿದ್ದನ್ನ ಕಂಡಿದೀನಿ. ಹೋಗಿದ್ದನ್ನ ಕಂಡಿಲ್ಲ."

ಅನುಮತಿ ಸಿಕ್ಕಿತು. ಆದರೆ ಅಧಿಕಾರಿ ಓದಿ ಹೇಳಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಇದು ಈ ಮನುಷ್ಯನಿಗೆ ಕೊಟ್ಟದ್ದು, ಈ ಮನೆಗಲ್ಲ. ಇವರು ಇರುವ ತನಕ, ಇವರು ಕೂತು ಮಾಡುವ ತನಕ. ಇವರ ನಂತರ ಯಾರಿಗೂ ಇಲ್ಲ. ಶಟರ್ ಈಗಿರುವ ಒಂದು ಗೇಣಿಗಿಂತ ಮೇಲೆ ಏಳಬಾರದು.

ಹೊರಗೆ ಬಂದಾಗ ಸಾಹೇಬರು ಮೆಟ್ಟಿಲ ಹತ್ತಿರ ನಿಂತಿದ್ದರು. "ನಾನು ಹೆದರಿದ್ದು ನಿಮಗಲ್ಲ. ನಿಮ್ಮ ನಂತರ ಬರೋರಿಗೆ," ಅಂದರು.

"ನನ್ನ ನಂತರ ಯಾರು ಬರ್ತಾರೆ ಸಾರ್, ನಮಗೆ ಮಕ್ಕಳೂ ಇಲ್ಲ," ಅಂದರು ಯಜಮಾನರು. ನಾನು ಪಕ್ಕದಲ್ಲೇ ನಿಂತಿದ್ದೆ. ನಾನು ಇಬ್ಬರ ಲೆಕ್ಕಕ್ಕೂ ಬರಲಿಲ್ಲ.

ಆಮೇಲೆ ಕೆಲವು ವರ್ಷ ಚೆನ್ನಾಗಿ ನಡೆಯಿತು. ಅವರು ಆ ಗೇಣನ್ನು ಕಣ್ಣಿನ ಹಾಗೆ ಕಾಯ್ದರು. ಶಟರ್ ಏರದಂತೆ ಎರಡೂ ಕಡೆ ಕಂಬಿಗೆ ಬೋಲ್ಟು ಹಾಕಿಸಿದರು. ಸೆಕೆಯಲ್ಲಿ ಬೆಂದರೂ ಒಂದಂಗುಲ ಎತ್ತಲಿಲ್ಲ. "ನಂಬಿ ಕೊಟ್ಟಿದಾರೆ ಕಣೇ," ಅನ್ನುತ್ತಿದ್ದರು.

ಈಚೆಗೆ ಒಂದು ಸಂಜೆ ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ರೈಲಿನ ಜನ ಬಂದರು. "ಅಣ್ಣಾ, ಆಯ್ತಾ?" ಅನ್ನುವುದು ಕೇಳಿತು. ದಿನವೂ ಕೇಳುವುದೇ. ಮತ್ತೆ ಕೇಳಿತು. ಮತ್ತೆ. ಅವರು ಹಾಗೆ ಕರೆಸಿಕೊಳ್ಳುವವರಲ್ಲ. ಬಟ್ಟೆ ಎಸೆದು ಒಳಗೆ ಓಡಿ ಒಳಬಾಗಿಲು ತಳ್ಳಿದೆ. ಮಷಿನ್ ಮೇಲೆ ತಲೆ ಇಟ್ಟಿದ್ದರು. ಸೂಜಿಯ ಕೆಳಗೆ ಜಿಪ್ಪು ಅರ್ಧ ಹೊಲಿದು ನಿಂತಿತ್ತು. ಗೇಣಿನ ಆಚೆ ಸಾಲಾಗಿ ಕಾಲು. ಅಷ್ಟು ಜನ ನಿಂತು ಕರೆದಿದ್ದರು. ಒಬ್ಬರೂ ಶಟರಿಗೆ ಕೈ ಹಾಕಿರಲಿಲ್ಲ. ದಾರ ಪೋಣಿಸುತ್ತಿದ್ದಾರೆ ಅಂದುಕೊಂಡರಂತೆ. ಮುಟ್ಟಬಾರದಲ್ಲ ಅಂದರು. ಅವರ ತಪ್ಪಲ್ಲ. ಆಗಲೇ ನೋಡಿದ್ದರೂ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರು. ಇರಬಹುದು.

ಇನ್ಸ್‌ಪೆಕ್ಟರ್ ಬಂದ. ಈ ಸಲ ಟೇಪು ತರಲಿಲ್ಲ, ನಗಲಿಲ್ಲ.

"ಅಮ್ಮಾ, ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ. ಅನುಮತಿ ಅವರ ಜೊತೆಗೇ ಹೋಯ್ತು. ಮಷಿನ್ ಇಟ್ಕೊಳ್ಳಿ, ಓಡಿಸ್ಬೇಡಿ."

"ಓಡಿಸಿದ್ರೆ?"

"ಎದುರು ಮನೆಯಿಂದ ಬರೆದು ಕೊಟ್ರೆ ನಾನು ಬಂದು ಸೀಲ್ ಹಾಕ್ಬೇಕಾಗುತ್ತೆ. ನನ್ನ ಕೈಲಿಲ್ಲ."

ಆಯಿತು ಅಂದೆ. ಶೆಡ್ಡಿಗೆ ಹೋಗುವುದನ್ನೇ ಬಿಟ್ಟೆ. ಬೀದಿಯವರಿಗೆ ಗೊತ್ತಿತ್ತು, ಯಾರೂ ಬ್ಯಾಗು ತರಲಿಲ್ಲ. ಬೆಳಿಗ್ಗೆ ರೈಲಿಗೆ ಹೋಗುವ ಕಾಲಿನ ಸದ್ದು ನಮ್ಮ ಗೇಟಿನ ಹತ್ತಿರ ಮೆತ್ತಗಾಗುತ್ತಿತ್ತು. ಅದು ಇನ್ನೂ ಕಷ್ಟ.

ಮೊನ್ನೆ ಬೆಳಿಗ್ಗೆ ಶೆಡ್ ಗುಡಿಸೋಣ ಅಂತ ಹೋದೆ. ಗುಡಿಸುತ್ತಿರುವಾಗ ಗೇಣಿನ ಕೆಳಗಿನಿಂದ ಒಂದು ಬ್ಯಾಗು ಜಾರಿ ಒಳಗೆ ಬಂತು.

"ಅಣ್ಣಾ, ಪಟ್ಟಿ ಕಿತ್ತೋಯ್ತು! ಸಂಜೆ ತಗೋತೀನಿ!"

ಗೊತ್ತಿಲ್ಲದ ದನಿ. ಹೊಸದಾಗಿ ಬಾಡಿಗೆಗೆ ಬಂದವಳಿರಬೇಕು, ಯಾರೋ ಶಟರಣ್ಣನ ವಿಷಯ ಹೇಳಿದವರು ಪೂರ್ತಿ ಹೇಳಿಲ್ಲ.

"ನಿಲ್ಲಮ್ಮ," ಅಂದೆ. ಬ್ಯಾಗನ್ನು ಹಾಗೇ ಆಚೆಗೆ ತಳ್ಳಬೇಕು ಅಂತಲೇ ಬಗ್ಗಿದೆ. ಆಚೆ ಎರಡು ಕಾಲು ನಿಂತಿದ್ದವು, ಬೆರಳು ಚಡಪಡಿಸುತ್ತಿದ್ದವು. ಆ ಕಾಲು ನೋಡಿದ ಮೇಲೆ ನನಗೆ ತಳ್ಳಲಾಗಲಿಲ್ಲ.

ಬೋಲ್ಟು ತುಕ್ಕು ಹಿಡಿದಿತ್ತು. ಸುತ್ತಿಗೆಯಿಂದ ಹೊಡೆದೆ. ಎರಡೂ ಕಡೆ ಹೊಡೆದು ಕಿತ್ತೆ. ಶಟರ್ ಕೆಳಗೆ ಕೈ ಕೊಟ್ಟು ಎತ್ತಿದೆ. ಬೀದಿಗೆಲ್ಲ ಕೇಳುವ ಹಾಗೆ ಗಡಗಡ ಅಂದು ಪೂರ್ತಿ ಮೇಲೆ ಹೋಯಿತು. ಬಿಸಿಲು ಒಳಗೆ ಬಂತು. ಹುಡುಗಿ ಹೆದರಿ ಎರಡು ಹೆಜ್ಜೆ ಹಿಂದೆ ಹೋದಳು.

"ಅಣ್ಣ ಇಲ್ವಾ?"

"ಹೋಗ್ಬಿಟ್ರು. ಇನ್ನಿಲ್ಲ."

"ಅಯ್ಯೋ, ನಂಗೊತ್ತಿರ್ಲಿಲ್ಲ ಆಂಟಿ… ಪರವಾಗಿಲ್ಲ, ಬ್ಯಾಗ್ ಕೊಟ್ಬಿಡಿ, ಹಾಗೇ ಹಿಡ್ಕೊಂಡು ಹೋಗ್ತೀನಿ."

"ರೈಲಿಗೆ ಇನ್ನೂ ಹೊತ್ತಿದೆ. ನಿಂತ್ಕೋ."

ಅವರ ಸ್ಟೂಲಿನ ಮೇಲೆ ಕೂತೆ. ಪಟ್ಟಿಯನ್ನು ಸೂಜಿಯ ಕೆಳಗೆ ಇಟ್ಟೆ. ಆಗ ಎದುರಿನ ಬಾಲ್ಕನಿಯಲ್ಲಿ ಮ್ಯಾನೇಜರ್ ಸಾಹೇಬರು ಎದ್ದು ನಿಂತದ್ದು ಕಂಡಿತು. ಕಂಬಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ನಡುವೆ ಶಟರ್ ಇರಲಿಲ್ಲ. ಇಷ್ಟು ವರ್ಷದಲ್ಲಿ ಆ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ. ವಯಸ್ಸಾಗಿದೆ ಅವರಿಗೂ. ಹುಡುಗಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು.

"ಏನಾದ್ರೂ ತೊಂದ್ರೆನಾ ಆಂಟಿ?"

"ಬ್ಯಾಗು ಬಿಗಿಯಾಗಿ ಹಿಡ್ಕೋ, ಹೊಲಿಗೆ ಸೊಟ್ಟ ಆಗುತ್ತೆ," ಅಂದೆ.

ಮಷಿನ್ ತುಳಿದೆ. ಒಂದು ಸಲ ಹೋಗಿ, ಒಂದು ಸಲ ಬಂದು, ಅಡ್ಡ ಒಂದು ಹೊಲಿಗೆ. ದಾರ ಕತ್ತರಿಸಿ ಕೊಟ್ಟೆ. ಅವಳು ಹೆಗಲಿಗೆ ಹಾಕಿಕೊಂಡು ಓಡಿದಳು. ತಲೆ ಎತ್ತಿದಾಗ ಬಾಲ್ಕನಿ ಖಾಲಿಯಾಗಿತ್ತು. ಬಾಗಿಲು ಹಾಕಿತ್ತು. ಒಳಗೆ ಹೋಗಿ ಬರೆಯುತ್ತಿದ್ದಾರೋ, ಸುಮ್ಮನೆ ಕೂತಿದ್ದಾರೋ, ನನಗೆ ಗೊತ್ತಿಲ್ಲ.

ಅವತ್ತಿನಿಂದ ಶಟರ್ ಇಳಿಸಿಲ್ಲ. ಇನ್ಸ್‌ಪೆಕ್ಟರ್ ಬಂದರೆ ಬರಲಿ. ಬಂದವನಿಗೆ ಬಗ್ಗುವ ಕೆಲಸ ಇಲ್ಲ, ನಿಂತೇ ಮಾತಾಡಬಹುದು.